ಹರಿಗೋಲಿನ ಬಿದಿರು, ಹನ್ನೊಂದು ಜನರ ಚಪ್ಪರ

ಅಮಲ್ದಾರ್ ಸಾಹೇಬರೇ,

ನಮ್ಮ ಹೋಬಳಿಯ ಗೌಡರ ಕೂಟವನ್ನು ದೊಡ್ಡದು ಮಾಡಿ ಎಂದು ತಾವು ನಿರೂಪ ಕಳಿಸಿದಿರಿ. ಅದರ ಫಲವಾಗಿ ನಾನು ಹೇಮಾವತಿ ದಾಟಲಾಗದೆ ಈಚೆ ದಡದಲ್ಲಿ ಕೂತಿದ್ದೇನೆ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ತಾವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಗುಡಿಯ ಜಗಲಿಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವಳು ನಾನು, ತಪ್ಪಿದ್ದರೆ ಮನ್ನಿಸಬೇಕು. ಈ ಓಲೆಯನ್ನು ಬೂಕನಕೆರೆ ಸಂತೆಯಲ್ಲಿ ಗಟ್ಟಿಯಾಗಿ ಓದಿಸಿಯೇ ತಮಗೆ ಕಳಿಸುತ್ತಿದ್ದೇನೆ. ಸಂತೆಯವರು ನಕ್ಕಿದ್ದರೆ ಅದು ನನ್ನ ಕೈಯಲ್ಲಿಲ್ಲ.

ಇಲ್ಲಿಯವರೆಗೆ ಐವರು ಗೌಡರು ಆಲದ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದರು. ಒಪ್ಪಿದವರು ತಟ್ಟೆಯಿಂದ ವೀಳ್ಯ ಎತ್ತಿಕೊಳ್ಳಬೇಕು. ಒಬ್ಬರು ಕೈ ಚಾಚದಿದ್ದರೂ ಆ ಮಾತು ಮುಂದಿನ ಕೂಟಕ್ಕೆ ಹೋಗುತ್ತದೆ. ಐವರಿದ್ದಾಗಲೇ ತಟ್ಟೆಯ ಎಲೆ ಬಾಡುತ್ತಿತ್ತು. ಈಗ ಹನ್ನೊಂದು ಮಂದಿ. ಯಾರಿಗೆ ಮೊದಲ ವೀಳ್ಯ ಎಂಬ ಚರ್ಚೆಯಲ್ಲೇ ಹೊತ್ತು ಇಳಿಯುತ್ತದೆ. ದನಿಯಿಲ್ಲದವರಿಗೆ ದನಿ ಬರಲಿ ಎಂದಲ್ಲವೇ ತಾವು ಬರೆಸಿದ್ದು? ಹೊಸದಾಗಿ ಸೇರಿದವರು ಯಾರು ಗೊತ್ತೇ? ಹಳಬರ ತಮ್ಮಂದಿರು ಮತ್ತು ಬೀಗರು. ಇವರಿಗೆ ದನಿ ಇರಲಿಲ್ಲ ಎಂದು ಅವರ ಮನೆಯ ಹೆಂಗಸರು ಒಪ್ಪುವುದಿಲ್ಲ.

ಇನ್ನು ನನ್ನ ಸಂಕಟ. ನನ್ನ ಮಗಳು ಪುಟ್ಟತಾಯಿಯನ್ನು ಕೊಟ್ಟಿರುವುದು ಆಚೆ ದಡಕ್ಕೆ. ಅಳಿಯ ಪಟ್ಟಣದ ಕೋಟೆ ಕೆಲಸಕ್ಕೆ ಹೋಗಿದ್ದಾನೆ, ಅತ್ತೆಗೆ ಕಣ್ಣು ಕಾಣದು. ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಬೇಕಿತ್ತು. ಅಷ್ಟರಲ್ಲಿ ಹಳೆಯ ಹರಿಗೋಲು ಹರಿದುಹೋಯಿತು. ಹೊಸದಕ್ಕೆಂದು ಅಂಬಿಗ ದಾಸಯ್ಯ ಬಿದಿರು ಸೀಳಿ, ನೀರಿನಲ್ಲಿ ನೆನೆಹಾಕಿಟ್ಟಿದ್ದ. ಕೂಟ ಒಪ್ಪಿದರೆ ಹೆಣೆಯುವುದಷ್ಟೇ ಬಾಕಿ. ಕೇಳೋಣವೆಂದು ಹೋದೆ. ಹೊಸಬರಿಗೆ ಆಲದ ನೆರಳು ಸಾಲದೆಂದು ಕಟ್ಟೆಯ ಮುಂದೆ ಚಪ್ಪರ ಎದ್ದಿತ್ತು.

"ಗೌಡ್ರೇ, ಹೊಳೆತಾವ ನೆನೆಹಾಕಿದ್ದ ಬಿದಿರು ಎಲ್ಲೋಯ್ತು?" ಎಂದೆ.

"ಇಲ್ಲೇ ಐತಲ್ಲವ್ವ, ತಲೆ ಮ್ಯಾಲೆ. ಎಲ್ಗೂ ಓಗಿಲ್ಲ," ಎಂದರು ಹಿರಿಯ ಗೌಡರು.

"ನನ್ ಮಗ್ಳು ಆಚೆ ದಡದಲ್ಲಿ ದಿನ ತುಂಬ್ಕೊಂಡು ಕೂತವ್ಳೆ!"

"ಮುಂದಿನ ಕೂಟದಲ್ಲಿ ಮಾತಾಡ್ಮ ಬುಡವ್ವ. ಅಲ್ಲಿಗಂಟ ತಡ್ಕೊ ಅಂತ ಯೋಳು."

ಯಾರಿಗೆ ಹೇಳಲಿ, ಸಾಹೇಬರೇ? ಮಗಳಿಗೋ, ಹೊಟ್ಟೆಯಲ್ಲಿರುವ ಕೂಸಿಗೋ? ಪಕ್ಕದಲ್ಲಿದ್ದ ದಾಸಯ್ಯ ಚಪ್ಪರ ನೋಡಿ ನಿಟ್ಟುಸಿರಿಟ್ಟ. "ಅಕ್ಕಾ, ಇದ್ನ ಅಂಗೇ ಮಗುಚಾಕಿ ಚರ್ಮ ಬಿಗುದ್ರೆ ನಾಳೀಕೇ ಒಳೇಗೆ ಬುಡ್ತೀನಿ ಕಣಕ್ಕ. ಇವ್ರು ಎದ್ದೇಳ್ಬೇಕಲ್ಲ!"

ಕೂಟ ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ. ಬೆಳೆಯಲಿ. ಆದರೆ ಒಂದೇ ದಡದವರನ್ನು ಎಷ್ಟು ಸೇರಿಸಿದರೂ ಅದು ಒಂದೇ ದಡದ ಕೂಟ. ಆ ಹನ್ನೊಂದು ಮಂದಿಯಲ್ಲಿ ಒಬ್ಬರ ಮಗಳಾದರೂ ಆಚೆ ಇದ್ದಿದ್ದರೆ, ಬಿದಿರು ಚಪ್ಪರಕ್ಕೆ ಏರುತ್ತಿತ್ತೇ? ಹೇಮಗಿರಿಯ ವೆಂಕಟರಮಣನಿಗೆ ತುಪ್ಪದ ದೀಪ ಹರಸಿಕೊಂಡಿದ್ದೇನೆ. ಅವನೂ ಬಿದಿರಿಲ್ಲದೆ ಏನು ಮಾಡಿಯಾನು?

ಆದ್ದರಿಂದ ತಾವು ಇನ್ನೊಂದು ನಿರೂಪ ಬರೆಸಬೇಕು. ಚಪ್ಪರ ಬಿಚ್ಚಿ ಹರಿಗೋಲು ಹೆಣೆಯಲಿ. ಮುಂದಿನ ಕೂಟ ಅದರಲ್ಲೇ, ನಡು ಹೊಳೆಯ ಮಡುವಿನ ಮೇಲೆ ನಡೆಯಲಿ. ಎಷ್ಟು ಮಂದಿ ಹಿಡಿಸುತ್ತಾರೋ ಅಷ್ಟೇ ಕೂಟ, ಅದರಲ್ಲಿ ಅರ್ಧ ಆಚೆ ದಡದವರು. ಅಲ್ಲಿ ವೀಳ್ಯದ ತಟ್ಟೆ ಹಿಡಿದರೆ ಯಾರೂ ಕೈ ಚಾಚುವುದಕ್ಕೆ ತಡ ಮಾಡಲಾರರು. ಇದೆಲ್ಲ ಆರಿದ್ರೆ ಮಳೆ ಬೀಳುವ ಮೊದಲೇ ಆಗಬೇಕು. ಮೊದಲ ದಿನ ಮಾತ್ರ ಒಬ್ಬ ಬೀಗರನ್ನು ಇಳಿಸಿ ನನಗೆ ಜಾಗ ಕೊಡಿಸಿ. ನನಗೆ ವೀಳ್ಯ ಬೇಡ, ಆಚೆ ಇಳಿಸಿದರೆ ಸಾಕು.

ಇಂತಿ,
ಬಾಣಂತಿಯ ಓಮ, ಬೆಳ್ಳುಳ್ಳಿ ಮಡಿಲಲ್ಲಿ ಕಟ್ಟಿಕೊಂಡು
ಈಚೆ ದಡದಲ್ಲಿ ಕಾದಿರುವ
ಅಣ್ಣಮ್ಮ