ಫೋಟೊ ಕೊಡಲಾರೆ

ಸುವಾನಿ, ಮೇ ೨೦೨೪

ಕನ್ನಡ ಕೂಟದ ಅಧ್ಯಕ್ಷರಾದ ಯಶವಂತ್ ಅವರಿಗೆ,

ನಮ್ಮ ಯಜಮಾನರು ತೀರಿಕೊಂಡ ಮೇಲೆ ಕೂಟದವರು ಮನೆಗೆ ಊಟ ತಂದುಕೊಟ್ಟಿರಿ. ಡಬ್ಬಗಳನ್ನು ತೊಳೆದಿಟ್ಟಿದ್ದೇನೆ, ಯಾರನ್ನಾದರೂ ಕಳಿಸಿ.

ಭಾನುವಾರದ ಶ್ರದ್ಧಾಂಜಲಿ ಸಭೆಗೆ ಅವರ ಫೋಟೊ ಕೇಳಿದ್ದೀರಿ. ಕೊಡಲಾರೆ.

ಇಟಲಿಯ ಪ್ರಧಾನಿಯಾಗಿದ್ದ ಆಲ್ಡೊ ಮೋರೊ ಬಗ್ಗೆ ಅವರು ಕೂಟದಲ್ಲಿ ಮಾತಾಡಿದ್ದು ನಿಮಗೆ ನೆನಪಿರಬಹುದು. ಎದುರಾಳಿ ಪಕ್ಷಗಳನ್ನು ಹತ್ತಿರ ತರಲು ಹೊರಟ ಮನುಷ್ಯ. ಉಗ್ರರು ಅಪಹರಿಸಿದಾಗ ಸೆರೆಯಿಂದ ಪತ್ರ ಬರೆದರೆ, ಸ್ವಂತ ಪಕ್ಷದವರೇ ಅದು ಅವರ ಮಾತಲ್ಲ ಎಂದರು. ಕೊಲೆಯಾದ ಮೇಲೆ ದೊಡ್ಡ ಶ್ರದ್ಧಾಂಜಲಿ ನಡೆಯಿತು. ಮನೆಯವರು ಹೋಗಲಿಲ್ಲ, ಶವವನ್ನೂ ಕೊಡಲಿಲ್ಲ.

ಕೂಟ ಒಡೆದು ಹೋದವರನ್ನು ಮತ್ತೆ ಕರೆಯಿರಿ ಎಂದು ಇವರೂ ಆಸ್ಪತ್ರೆಯಿಂದ ನಿಮಗೆ ಬರೆದರು. ನೀವು ಕಮಿಟಿಯಲ್ಲಿ, "ಪಾಪ, ಅಂಕಲ್ ಮಾತಲ್ಲ, ಮಾರ್ಫಿನ್ ಮಾತು. ಸೀರಿಯಸ್ಸಾಗಿ ತಗೋಬೇಡಿ" ಎಂದಿರಂತೆ.

ಆ ಪತ್ರ ಹೇಳಿ ಬರೆಸಿ ಮುಗಿಸುವವರೆಗೆ ಅವರು ನೋವಿನ ಔಷಧಿ ಮುಟ್ಟಲಿಲ್ಲ, ತಲೆ ತಿಳಿಯಾಗಿರಲಿ ಎಂದು. ಟೈಪ್ ಮಾಡಿದವಳು ನಾನು.

ಸಭೆ ಬೇಡ ಎನ್ನಲು ನಾನು ಯಾರು? ನಡೆಸಿ. ಆದರೆ ಒಂದು ನಿಮಿಷದ ಮೌನ ಬೇಡ. ಆ ನಿಮಿಷದಲ್ಲಿ ಅವರ ಪತ್ರವನ್ನು ಗಟ್ಟಿಯಾಗಿ ಓದಿ.

ಇಂದಿಗೂ ಕೂಟದ ಸದಸ್ಯೆ,
ಮೈಥಿಲಿ ಬದರಿನಾಥ