ಸಾಲಿಗಿ ಬಿಟ್ಟ ಕೂಸಿನ ಹಾಡು

ಶಹಾಪುರ, ಇಚಲಕರಂಜಿ
೩ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ಅವ್ವಾ,

ನಿನ್ನ ಕಾಲಿಗೆ ಬಿದ್ದು ಕೇಳುತ್ತೇನೆ, ಮೊಣಕಾಲ ನೋವು ಹೇಗಿದೆ? ಗಡಹಿಂಗ್ಲಜದ ಡಾಕ್ಟರು ಕೊಟ್ಟ ಎಣ್ಣೆಯನ್ನು ನಿನ್ನ ಕಾಲಿಗೇ ಹಚ್ಚಿಕೊಳ್ಳುತ್ತೀಯೋ, ಕುಂಟುವ ಕುರಿಗೆ ಹಚ್ಚುತ್ತೀಯೋ? ತಂಗಿ ಕಾಜಲ, ಇದನ್ನು ಅವ್ವನಿಗೆ ನಿಧಾನವಾಗಿ ಓದಿ ಹೇಳು. ನಡುವೆ ನಿನ್ನ ಮಾತು ಸೇರಿಸಬೇಡ.

ನಾನು ಆರಾಮಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ದಣಿದಿದ್ದೇನೆ ಅವ್ವಾ. ಇಪ್ಪತ್ತು ವರ್ಷ ಬೇರೆಯವರ ಹಾಡಿಗೆ ಹಾರ್ಮೋನಿಯಂ ಪೇಟಿ ನುಡಿಸಿ ನುಡಿಸಿ ಬೆರಳಿಗೂ ಬೇಸರ ಬಂದಿದೆ. ಹಾಡಿದವರಿಗೆ ಹಾರ, ನನಗೆ ಅರ್ಧ ಕಪ್ ಚಹಾ. ಪಕ್ಕದ ಶೆಡ್ಡಿನ ಮಗ್ಗಗಳಿಗೆ ಇರುವ ಅವಸರವೇ ನಾನಿರುವ ಆರ್ಕೆಸ್ಟ್ರಾದವರಿಗೂ. ನನ್ನ ಲಯ ಏರುವುದೇ ಇಲ್ಲ ಎಂದು ಎಲ್ಲರ ದೂರು. ಏರುವುದಾದರೂ ಹೇಗೆ? ನಾನು ಮೊದಲು ಕೇಳಿದ್ದು ಕುರಿಯ ಹಿಂದೆ ನಡೆಯುತ್ತ ನೀನು ಹಾಡಿದ ಹಾಡು. ಕುರಿ ಮೇಯಲು ನಿಂತರೆ ನೀನೂ ಹಾಡಿನ ಸಾಲನ್ನು ಅಲ್ಲೇ ಹಿಡಿದು ನಿಲ್ಲುತ್ತಿದ್ದೆ. ದೊಡ್ಡ ಗವಾಯಿಗಳನ್ನು ಕೇಳುವಾಗಲೂ ನಾನು ಹುಡುಕುವುದು ಆ ನಿಲ್ಲುವಿಕೆಯನ್ನೇ. ಅದು ಇಲ್ಲದಿದ್ದರೆ ಎಷ್ಟು ತಾನ ಹೊಡೆದರೂ ನನಗೆ ರುಚಿಸುವುದಿಲ್ಲ.

ಹೋದ ವಾರ ಕೊಲ್ಹಾಪುರದ ಒಂದು ರೇಡಿಯೋದವರು ಕರೆದಿದ್ದರು. ನಿಮ್ಮನ್ನು ಸಂಗೀತಗಾರನನ್ನಾಗಿ ಮಾಡಿದ ಹಾಡು ಯಾವುದು, ಅದನ್ನೇ ಹಾಡಿ ಎಂದರು. ಬಾಯಿಗೆ ಬಂದದ್ದು ನಿನ್ನದೇ. ನನ್ನನ್ನು ಮಾವನ ಮನೆಯಲ್ಲಿ ಶಾಲೆಗೆ ಬಿಟ್ಟು, ಮಳೆಗಾಲಕ್ಕೆ ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೋದ ವರ್ಷ ನೀನು ಕಟ್ಟಿದ್ದು: "ಸಾಲಿಗಿ ಬಿಟ್ಟ ಕೂಸು ಕರದರ ನಾ ಹೆಂಗ, ಕುರಿ ಬಿಟ್ಟು ಹಿಂದಕ ಬರಲೆವ್ವ." ಹಾಡಿ ಮುಗಿಸಿದಾಗ ಪ್ರಶ್ನೆ ಕೇಳುತ್ತಿದ್ದ ಸ್ನೇಹಲ ಎಂಬ ಹುಡುಗಿ ಅರ್ಥ ಕೇಳಿಕೊಂಡು ಕಣ್ಣೊರೆಸಿಕೊಂಡಳು. ನನಗೆ ಹೆಮ್ಮೆಯಾಯಿತು.

ಬಿಸಿಲಲ್ಲಿ ತಿರುಗಬೇಡ. ಕಾಜಲಳಿಗೆ ಆಶೀರ್ವಾದ, ಮನೆ ಮಂದಿಗೆಲ್ಲ ನನ್ನ ನೆನಪು ಹೇಳು.

ನಿನ್ನ ಮಗ
ಜೋತಿಬಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹಾಡು ಮುಗಿದ ಮೇಲೆ ಆ ಹುಡುಗಿ, "ಹೇ ಗಾಣಂ ತುಮಚಂಚ ಕಾ?" ಎಂದು ಕೇಳಿದಳು, ಈ ಹಾಡು ನಿಮ್ಮದೇನಾ ಅಂತ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಹೌದು, ನಾನೇ ಕಟ್ಟಿದ್ದು ಎಂದುಬಿಟ್ಟೆ. ಹದಿನಾರನೇ ತಾರೀಖು ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಅದು ರೇಡಿಯೋದಲ್ಲಿ ಬರುತ್ತದೆ. ಇನ್ನೂ ಹೊತ್ತಿದೆ, ನೀನು ಬೈದರೆ ಅವರಿಗೆ ಫೋನ್ ಮಾಡಿ ಮಾಯವ್ವ ಎಂದು ನಿನ್ನ ಹೆಸರು ಹಾಕಿಸುತ್ತೇನೆ. ಆದರೆ ನೀನು, "ಇರಲಿ ಬಿಡಪಾ, ನಂದಾದರೇನು ನಿಂದಾದರೇನು" ಅನ್ನುತ್ತೀ ಎಂದು ನನಗೆ ಗೊತ್ತು. ಹಾಗನ್ನಬೇಡ ಅವ್ವಾ. ಹಾಗಂದರೆ ನಾನು ಸುಮ್ಮನಿದ್ದುಬಿಡುತ್ತೇನೆ.