ಬಾಡಿಗೆಗೆ ಹಿಡಿದ ಮೌನ

ಏಪ್ರಿಲ್ 2, ಮಧ್ಯಾಹ್ನ

ಇವತ್ತೂ ಅಕ್ಕನ ಉಸಿರು ಕತ್ತರಿಸುವ ಕೆಲಸ. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಅವಳು ಎಳೆದುಕೊಳ್ಳುವ ಗಾಳಿಯನ್ನು ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯಬೇಕು. ಇಲ್ಲದಿದ್ದರೆ ಮೈಕಿನಲ್ಲಿ ನಾಯಿ ಏದುಸಿರು ಬಿಟ್ಟ ಹಾಗೆ ಕೇಳುತ್ತದಂತೆ. ಹಾಗೆನ್ನುವವರು ಸ್ಟುಡಿಯೋ ಮಾಲೀಕರು. ಊರಿಗೆಲ್ಲ ಮಾವ. ನಮಗೂ ಮಾವ, ಸಂಬಂಧ ಏನೂ ಇಲ್ಲ.

ಅಕ್ಕನ ದನಿ ಕೇಳದವರು ಈ ಊರಿನಲ್ಲಿಲ್ಲ. ನಾಳೆ ನೀರು ಬರುವುದಿಲ್ಲ ಎನ್ನುವವಳು ಅವಳು. ಚಪ್ಪಲಿ ಅರ್ಧ ಬೆಲೆಗೆ ಎನ್ನುವವಳೂ ಅವಳೇ. ಮುಖ ಮಾತ್ರ ಯಾರಿಗೂ ಗೊತ್ತಿಲ್ಲ.

ಇಂದಿನ ಆರ್ಡರ್ ಪುರಸಭೆ ಅಧ್ಯಕ್ಷರ ಚುನಾವಣೆಯದು. ಮಾಡಿಸಿದವರು ‘ಊರ ಹಿತ ವೇದಿಕೆ’. ಆ ಹೆಸರೇ ಕೇಳಿರಲಿಲ್ಲ. ಅಕ್ಕ ಓದಿದ್ದು: “ನಾವು ಈ ಊರಿನ ಸಾಮಾನ್ಯ ಜನ. ನಮಗೆ ಈಗಿನ ಅಧ್ಯಕ್ಷರೇ ಸಾಕು.”

“ಮಾವ, ಈ ಸಾಮಾನ್ಯ ಜನ ಯಾರು?”

“ಬಾಟಲಿ ನೀರಿನ ಫ್ಯಾಕ್ಟರಿಯವರು. ದುಡ್ಡು ಅವರದ್ದು. ನೀನು ಉಸಿರು ತೆಗಿ.”

ಹಾಗೋ ವಿಷಯ! ಫ್ಯಾಕ್ಟರಿ ಕೆರೆಯಿಂದ ಎಷ್ಟು ನೀರು ಎಳೆಯುತ್ತದೆಂದು ಈಗಿನ ಅಧ್ಯಕ್ಷರು ಒಮ್ಮೆಯೂ ಕೇಳಿದವರಲ್ಲ. ಎದುರಿಗೆ ನಿಂತಿರುವುದು ಸರ್ಕಾರಿ ಆಸ್ಪತ್ರೆಯ ನಿವೃತ್ತ ನರ್ಸಮ್ಮ. ಅವರ ಬೇಡಿಕೆ ಒಂದೇ — ಪೈಪಿಗೆ ಮೀಟರ್ ಕೂರಿಸಿ.

ಆದರೂ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಬರೆದವನು ಯಾರೋ, ಓದಿದವಳು ಅಕ್ಕ, ದುಡ್ಡು ಕೊಟ್ಟವರು ಫ್ಯಾಕ್ಟರಿ, ‘ನಾವು’ ಎಂದದ್ದು ಯಾರೂ ಅಲ್ಲ. ಹಾಗಾದರೆ ಆ ಮಾತು ಯಾರದು? ಫುಟ್‌ಪಾತಿನಲ್ಲಿ ಕೊಂಡ ಕರಪತ್ರ, ಪುಸ್ತಿಕೆಗಳನ್ನೆಲ್ಲ ತಿರುವಿದೆ. ವಾಕ್‌ಸ್ವಾತಂತ್ರ್ಯ ಪ್ರತಿಯೊಬ್ಬನ ಹಕ್ಕು, ಸರಿ. ಆ ‘ಒಬ್ಬ’ ಫ್ಯಾಕ್ಟರಿಯಾಗಿದ್ದರೆ? ಒಂದರಲ್ಲೂ ಇಲ್ಲ.

ಅಕ್ಕನನ್ನು ಕೇಳಿದೆ, ಹಾಗೆ ಓದಲು ಏನೂ ಅನ್ನಿಸಲಿಲ್ಲವಾ ಎಂದು. “ಮೈಕಿಗೆ ಅಭಿಪ್ರಾಯ ಇರುತ್ತೇನೇ? ನಾನೂ ಹಾಗೇ. ಸುಮ್ನೆ ಊಟ ಮಾಡು, ಕರಪತ್ರ.”

ಕರಪತ್ರ ಎಂದರೆ ನಾನು.

ಏಪ್ರಿಲ್ 4

ನರ್ಸಮ್ಮ ಬಂದಿದ್ದರು. ಆಸ್ಪತ್ರೆ ಕೆಲಸಗಾರರ ಸಂಘ ಅವರಿಗಾಗಿ ಚಂದಾ ಎತ್ತಿದೆ. ಮೈಕ್ ಗಾಡಿ ಒಂದು ಬೇಕು, ಒಂದೇ ಒಂದು.

ಊರಿನಲ್ಲಿ ಮೈಕ್ ಪರವಾನಗಿ ಇರುವುದು ಆರು ಗಾಡಿಗಳಿಗೆ. ಆರೂ ಮಾವನವೇ. ಒಂದು ಗ್ಯಾರೇಜಿನಲ್ಲಿದೆ. ಉಳಿದ ಐದೂ ಮತದಾನದ ತನಕ ಬುಕ್ ಆಗಿವೆ.

“ಯಾರೂ ನಿಮ್ಮ ಬಾಯಿ ಮುಚ್ಚಿಸಿಲ್ಲ ನರ್ಸಮ್ಮಾ. ಧಾರಾಳವಾಗಿ ಮಾತಾಡಿ. ಗಾಡಿ ಇಲ್ಲ, ಅಷ್ಟೇ.”

“ನಲವತ್ತು ವರ್ಷ ವಾರ್ಡಲ್ಲಿ ಕೂಗಿ ಕೂಗಿ ಗಂಟಲು ಹೋಗಿದೆಯಪ್ಪಾ. ಕೆರೆ ಆ ಕಡೆಯವರಿಗೆ ಹೇಗೆ ಕೇಳಿಸಲಿ?”

ಅವರು ಹೋದ ಮೇಲೆ ಕೇಬಲ್ ತರಲು ಶೆಡ್ಡಿಗೆ ಹೋದೆ. ಅಲ್ಲಿ ಮೂರು ಗಾಡಿ ಟಾರ್ಪಾಲು ಹೊದ್ದು ನಿಂತಿವೆ! ಓಡಿ ಬಂದು ಕೇಳಿದೆ. ಮಾವ ತಲೆಯೆತ್ತಲಿಲ್ಲ.

“ಅವೂ ಬುಕ್ಕೇ. ಓಡಿಸೋದು ಎರಡೇ.”

“ಓಡಿಸದೇ ಇರೋಕೆ ಬಾಡಿಗೆ ಕೊಡ್ತಾರಾ?”

“ಫ್ಯಾಕ್ಟರಿಯವರು ಮುಂಗಡ ಕೊಟ್ಟಿದಾರೆ. ಓಡಿಸ್ತಾರೋ, ಮುದ್ದು ಮಾಡ್ತಾರೋ, ಅವರಿಷ್ಟ.”

ಮಾತನ್ನು ಬಾಡಿಗೆಗೆ ಹಿಡಿಯುವುದು ಗೊತ್ತಿತ್ತು. ಮೌನವನ್ನೂ ಹಿಡಿಯಬಹುದು ಎಂದು ಇವತ್ತು ಗೊತ್ತಾಯಿತು. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು — ಎಂಥ ತಲೆ ಇದು, ಯಾರಿಗೆ ಹೊಳೆದಿದ್ದು, ಅವನನ್ನು ಒಮ್ಮೆ ನೋಡಬೇಕು ಅನ್ನಿಸಿತು.

ಏಪ್ರಿಲ್ 5, ಬೆಳಿಗ್ಗೆ

ಚುನಾವಣಾಧಿಕಾರಿಗೆ ದೂರು ಕೊಟ್ಟು ಬಂದೆ. ಎರಡು ಪುಟ. ಮುಖ್ಯ ಸಾಲು: “ಮತವಿಲ್ಲದವರಿಗೆ ಮೈಕೂ ಇಲ್ಲ. ಕಂಪನಿಯಾಗಲಿ, ಸಂಘವಾಗಲಿ, ಸಂಸ್ಥೆಯಾಗಲಿ — ಮನುಷ್ಯನಲ್ಲದ್ದು ಯಾವುದೂ ಚುನಾವಣೆಯ ಮಾತಿಗೆ ದುಡ್ಡು ಕೊಡಕೂಡದು.”

ಕಂಪನಿಗೆ ಹಸಿವಿಲ್ಲ, ಜ್ವರ ಬರುವುದಿಲ್ಲ, ಜೈಲಿಗೆ ಹಾಕಿದರೆ ಅಳುವುದಿಲ್ಲ. ಅದಕ್ಕೆಲ್ಲಿಯ ಅಭಿಪ್ರಾಯ?

ಅಕ್ಕ ಓದಿದಳು. “ಜೋರಾಗಿದೆ. ಮೈಕಲ್ಲಿ ಓದಿದ್ರೆ ಗುಂಯ್ ಅನ್ನತ್ತೆ. ನನ್ನ ಈ ತಿಂಗಳ ಕೆಲಸ?”

“ತತ್ವ ಮುಖ್ಯ ಅಕ್ಕಾ.”

“ಹ್ಞೂಂ. ಮನೆ ಬಾಡಿಗೆಗೆ ಒಂದು ಪಾವು ತತ್ವ ಅಳೆದುಕೊಡು.”

ಏಪ್ರಿಲ್ 7

ಫ್ಯಾಕ್ಟರಿಯಿಂದ ಫೋನ್. ಪ್ರಚಾರದ ಅಧಿಕಾರಿ ಮಾತಾಡಬೇಕಂತೆ. ಹೋಗಬೇಡ ಎಂದಳು ಅಕ್ಕ. ಹೋದೆ. ನೋಡಲೇಬೇಕಿತ್ತು.

ರಾಕ್ಷಸನನ್ನು ನಿರೀಕ್ಷಿಸಿದ್ದೆ. ಸಿಕ್ಕಿದ್ದು ನನಗಿಂತ ನಾಲ್ಕೈದು ವರ್ಷ ದೊಡ್ಡವನು, ತೋಳು ಮಡಚಿದ ಶರ್ಟು, ಕನ್ನಡಕಕ್ಕೆ ಸೆಲ್ಲೋಟೇಪು. ಕಪಾಟಿನಲ್ಲಿ ಅದೇ ಫುಟ್‌ಪಾತಿನ ಕರಪತ್ರಗಳು! ಹಳದಿ ರಟ್ಟಿನ ಪುಸ್ತಿಕೆಗೆ ನನಗಿಂತ ಹೆಚ್ಚು ಗೆರೆ ಎಳೆದಿದ್ದಾನೆ.

“ದೂರು ಓದಿದೆ. ಚೆನ್ನಾಗಿ ಬರೀತೀರಿ. ಒಂದು ಕೇಳ್ತೀನಿ — ಇಲ್ಲಿ ನಾನೂರು ಜನ ಕೆಲಸ ಮಾಡ್ತಾರೆ. ಎಲ್ಲ ಇದೇ ಊರಿನವರು. ನೀರು ನಿಂತರೆ ಅವರ ಅನ್ನ ನಿಲ್ಲುತ್ತೆ. ಅವರ ಪರವಾಗಿ ಫ್ಯಾಕ್ಟರಿ ಮಾತಾಡಬಾರದಾ?”

ಕೇಳಿದೆ: “ಅವರನ್ನ ಕೇಳಿದ್ರಾ?”

ನಕ್ಕ. ಒಳ್ಳೆಯ ನಗು, ಅದೇ ತೊಂದರೆ. “ಇಲ್ಲ. ಅದನ್ನ ಯಾರು ಕೇಳ್ತಾರೆ?”

“ಟಾರ್ಪಾಲು ಯಾರ ಐಡಿಯಾ?”

“ನನ್ನದು.” ಸಂಕೋಚಪಡಲಿಲ್ಲ. ಬೀಗಲೂ ಇಲ್ಲ. “ಬೇಕಿದ್ರೆ ಅದರಲ್ಲೊಂದು ಗಾಡಿ ನಿಮಗೆ ಕೊಡ್ತೀನಿ. ನಮ್ಮ ಖರ್ಚು. ನಮ್ಮನ್ನೇ ಬಯ್ಯಿರಿ. ದೂರು ವಾಪಸ್ ತಗೊಳ್ಳಿ, ಸಾಕು.”

ಬೇಡ ಎಂದೆ. ತಕ್ಷಣ ಎನ್ನಲಿಲ್ಲ. ಇಲ್ಲಿ ಸುಳ್ಳು ಬರೆಯುವುದೇಕೆ? ಅವರ ದುಡ್ಡಿನಲ್ಲಿ ಅವರನ್ನೇ ಬೈದರೆ ಅದು ಯಾರ ಮಾತು ಎಂದು ಕುರ್ಚಿಯಲ್ಲೇ ಕೂತು ಯೋಚಿಸುತ್ತಿದ್ದೆ. ಇನ್ನೂ ಗೊತ್ತಾಗಿಲ್ಲ.

ಗೇಟಿನಲ್ಲಿ ಕ್ರೇಟ್ ಹೊರುವವನನ್ನು ಕೇಳಿದೆ — ವೇದಿಕೆಯ ಮಾತಿಗೆ ನಿಮ್ಮ ಒಪ್ಪಿಗೆ ಇದೆಯಾ?

“ಕೇಳಿದ್ರೆ ಹ್ಞೂಂ ಅಂತಿದ್ದೆ ಕಣಮ್ಮ. ಉಹ್ಞೂಂ ಅಂದು ಎಲ್ಲಿಗೆ ಹೋಗಲಿ?”

ಏಪ್ರಿಲ್ 8

ಆರನೇ ಗಾಡಿ ಗ್ಯಾರೇಜಿನಿಂದ ಬಂತು. ಮಾವ ಯಾರಿಗೂ ಹೇಳದೆ ಅದನ್ನು ಸಂಘಕ್ಕೆ ಕೊಟ್ಟುಬಿಟ್ಟಿದ್ದಾರೆ! ಕೇಳಿದರೆ, “ಬ್ಯಾಟರಿ ಟೆಸ್ಟ್ ಮಾಡ್ತಿದೀನಿ, ನಿನಗೇನು?” ಅಂದರು.

ಕೆರೆ ಆಚೆ ಹೋಗಿ ಕೇಳಿದೆ. ನರ್ಸಮ್ಮನದೇ ದನಿ, ಕೆಮ್ಮು ಸಮೇತ. ಜನ ಕಿಟಕಿಗೆ ಬಂದರು. ಬಟ್ಟೆ ಒಣಗಿಸುತ್ತಿದ್ದವಳು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ನಿಂತಿದ್ದಳು. ಗೆಲ್ಲುತ್ತೇವೆ!

ಏಪ್ರಿಲ್ 12

ಮೂರು ದಿನ ಬರೆಯಲಿಲ್ಲ. ಕೈ ಏಳಲಿಲ್ಲ.

ಮೊನ್ನೆ ಆದೇಶ ಬಂತು. ನನ್ನ ದೂರಿಗೆ ಪೂರ್ಣ ಒಪ್ಪಿಗೆ. ನನ್ನದೇ ಸಾಲುಗಳು, ಕೆಳಗೆ ಸೀಲು. ಕುಣಿದಾಡಿದೆ. ಮಾವನಿಗೆ ಓದಿ ಹೇಳಿದೆ. ಅಕ್ಕನಿಗೆ ಎರಡು ಸಲ.

ಮಧ್ಯಾಹ್ನ ನರ್ಸಮ್ಮನ ಗಾಡಿಯನ್ನು ಪೇದೆ ನಿಲ್ಲಿಸಿದ. ದುಡ್ಡು ಯಾರದು? ಸಂಘದ್ದು. ಸಂಘ ಮನುಷ್ಯನಾ? ಅಲ್ಲ. ಇಳಿಸು ಮೈಕು.

ಸಂಜೆ ಹೊತ್ತಿಗೆ ಫ್ಯಾಕ್ಟರಿ ಮಾಲೀಕರು ಆರೂ ಗಾಡಿಗಳನ್ನು ತಮ್ಮ ಸ್ವಂತ ಹೆಸರಿಗೆ ಬುಕ್ ಮಾಡಿದರು. ಅವರು ಮನುಷ್ಯರು. ಮತವೂ ಇದೆ. ಬಹುಶಃ ಜ್ವರವೂ ಬರುತ್ತದೆ. ಎರಡು ಗಾಡಿ ಓಡುತ್ತಿವೆ, ನಾಲ್ಕು ಟಾರ್ಪಾಲಿನಡಿ. ಮೊದಲು ಮೂರಿದ್ದವು. ನಾಲ್ಕನೆಯದನ್ನು ಕೊಡಿಸಿದ್ದು ನಾನು.

ಬಡವರು ಚಂದಾ ಎತ್ತಿ ಒಟ್ಟಾಗಿ ಮಾತಾಡಬೇಕು. ಶ್ರೀಮಂತ ಒಬ್ಬನೇ ಸಾಕು. ಇಷ್ಟು ನನಗೆ ಹೊಳೆಯಲಿಲ್ಲವಲ್ಲ!

ನರ್ಸಮ್ಮನ ಮನೆಗೆ ಹೋದೆ. ಬೈಯಲಿ ಎಂದೇ ಹೋದದ್ದು. ಕೂರಿಸಿ ಟೀ ಕೊಟ್ಟರು.

“ಔಷಧಿ ಸರಿ ಇತ್ತು ಮಗಳೇ. ಚುಚ್ಚಿದ್ದು ಪಕ್ಕದ ಮಂಚದವನಿಗೆ.”

“ಈಗೇನು ಮಾಡ್ಲಿ?”

“ಅಳಬೇಡ ಮೊದಲು. ಪ್ರಚಾರಕ್ಕೆ ಇನ್ನೂ ದಿನ ಇದೆ. ನೀನೇ ಚುಚ್ಚಿದ್ದು, ನೀನೇ ಹೋಗಿ ಡಾಕ್ಟ್ರಿಗೆ ಹೇಳು.”

ಏಪ್ರಿಲ್ 13, ಬೆಳಿಗ್ಗೆ

ಚುನಾವಣಾಧಿಕಾರಿ ಹೆಂಗಸು. ಸಹಿ ಹಾಕುತ್ತಲೇ ಮಾತಾಡುತ್ತಾರೆ.

“ನೀವು ಬರೆದದ್ದನ್ನೇ ಒಪ್ಪಿದ್ದೀನಿ. ಒಂದಕ್ಷರ ಬಿಟ್ಟಿಲ್ಲ. ಈಗ ತಕರಾರೂ ನಿಮ್ಮದೇನಾ?”

ಎರಡು ಸಂಸ್ಥೆ ಒಂದೇ ಅಲ್ಲ ಎಂದೆ. ಸಂಘದಲ್ಲಿ ಸಭೆ ಕರೆದು ಎಲ್ಲರನ್ನೂ ಕೇಳಿದ್ದಾರೆ. ಫ್ಯಾಕ್ಟರಿಯಲ್ಲಿ ಒಬ್ಬರನ್ನೂ ಕೇಳಿಲ್ಲ.

“ನಾಳೆ ಫ್ಯಾಕ್ಟರಿಯವರು ನಾನೂರು ಜನರ ಕೈ ಎತ್ತಿಸಿ ಫೋಟೋ ತರ್ತಾರೆ. ಆಗ?”

ಕ್ರೇಟ್ ಹೊರುವವನು ನೆನಪಾದ.

“ಮನಸ್ಸು ಅಳೆಯೋದು ನನ್ನಿಂದಾಗಲ್ಲಮ್ಮಾ. ಗಾಡಿಗಳ ಪರವಾನಗಿ ನನ್ನ ಕೈಲಿದೆ, ಅದಕ್ಕೆ ಷರತ್ತು ಹಾಕಬಹುದು. ರಸ್ತೇಲಿ ನಿಂತ ಪೇದೆಗೆ ನೋಡಿದ ಕೂಡಲೇ, ಕೇಳಿದ ಕೂಡಲೇ ಗೊತ್ತಾಗಬೇಕು, ಅಂಥದ್ದು. ನಾಳೆ ಬೆಳಿಗ್ಗೆ ಬರ್ಕೊಂಡು ಬನ್ನಿ. ಇಲ್ಲಾ ದೂರು ವಾಪಸ್ ತಗೊಳ್ಳಿ.”

ವಾಪಸ್ ತೆಗೆದುಕೊಂಡರೆ ಸಂಘಕ್ಕೆ ಹಕ್ಕು ಸಿಗುತ್ತದೆ, ಗಾಡಿ ಸಿಗುವುದಿಲ್ಲ. ಆರೂ ಫ್ಯಾಕ್ಟರಿ ಮಾಲೀಕರ ಕೈಲಿವೆ.

ಅದೇ ದಿನ, ಸಂಜೆ

ಸ್ಟುಡಿಯೋದಲ್ಲಿ ನೆಲದ ಮೇಲೆ ಕೂತು ಬರೆದು ಹರಿದು, ಬರೆದು ಹರಿದು. ಅಕ್ಕ ಹೆಡ್‌ಫೋನ್ ತೆಗೆದಳು.

“ಏನಂತೆ ಕರಪತ್ರಕ್ಕೆ?”

“ಯಾರು ಮಾತಾಡಬಹುದು, ಯಾರು ಮಾತಾಡಬಾರದು ಅಂತ ಗೆರೆ ಎಳೀಬೇಕು. ಎಲ್ಲಿ ಎಳೆದರೂ ಬಡವರ ಕಾಲ ಮೇಲೇ ಬರ್ತಿದೆ.”

“ಮಾತಾಡೋರನ್ನ ಯಾಕೆ ತಡೀತೀಯ? ಮಾತಾಡದೇ ಇರೋ ಗಾಡಿ ಬಿಡಿಸು. ನಾಲ್ಕು ಗಾಡಿ ಮುಸುಕು ಹೊದ್ದು ಮಲಗಿವೆ. ಅವನ್ನ ಎಬ್ಬಿಸಿದರೆ ಯಾರ ಬಾಯಿ ಮುಚ್ಚಿದ ಹಾಗಾಯ್ತು?”

ಎರಡು ಪುಟ ಬರೆದವಳು ನಾನು. ಇದು ಅವಳಿಗೆ ಹೊಳೆಯಿತು.

“ಮೈಕಿಗೆ ಅಭಿಪ್ರಾಯ ಇಲ್ಲ ಅಂದಿದ್ದೆ?”

“ಗಾಡಿ ಬಗ್ಗೆ ಇದೆ.” ವೈರು ಸುತ್ತತೊಡಗಿದಳು. “ಇನ್ನೊಂದು ಬರಿ. ‘ನಾವು ಸಾಮಾನ್ಯ ಜನ’ ಅಂತ ಓದಿದ್ನಲ್ಲ, ಮನೆ ಹತ್ರ ಆ ಗಾಡಿ ಬಂದಾಗಲೆಲ್ಲ ಒಳಗೆ ಹೋಗಿಬಿಡ್ತೀನಿ. ಯಾರ ದುಡ್ಡು ಅಂತ ಮೊದಲೇ ಹೇಳಿಸು. ಅದೇ ದನೀಲಿ, ಅಷ್ಟೇ ಜೋರಾಗಿ, ಅಷ್ಟೇ ನಿಧಾನವಾಗಿ. ಕೊನೇಲಿ ಗಡಗಡ ಅಂತ ಓದಿ ಮುಗಿಸೋದಲ್ಲ. ಆ ಮೋಸ ನನಗೆ ಗೊತ್ತು. ಎಷ್ಟು ಸಲ ಮಾಡಿದೀನಿ.”

ಬರೆದೆ. ಯಾರು ಬೇಕಾದರೂ ದುಡ್ಡು ಕೊಡಲಿ. ಮೊದಲು ಹೆಸರು ಹೇಳಲಿ. ಒಂದು ಹಗಲು ಓಡದೆ ನಿಂತ ಗಾಡಿ ಮರುದಿನ ಕೇಳಿದವರಿಗೆ ಸೇರಲಿ.

‘ಮತವಿಲ್ಲದವರಿಗೆ ಮೈಕೂ ಇಲ್ಲ’ ಹೊಡೆದು ಹಾಕಬೇಕಾಯಿತು. ಚಂದದ ಸಾಲು. ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಹೊಡೆದೆ.

ಏಪ್ರಿಲ್ 14

ಚುನಾವಣಾಧಿಕಾರಿ ಎರಡು ಸಲ ಓದಿದರು. ಮೊದಲ ಬಾರಿಗೆ ಸಹಿ ಹಾಕುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು.

“ಹಾಗಾದ್ರೆ ಫ್ಯಾಕ್ಟರಿ ಮಾತಾಡಬಹುದು ಅಂತ ನೀವೇ ಬರೆದುಕೊಡ್ತಿದೀರಿ.”

“ಹೌದು. ಹೆಸರು ಹೇಳಿ ಮಾತಾಡಲಿ.”

“ಇನ್ನೂ ಜೋರಾಗಿ ಮಾತಾಡ್ತಾರೆ. ನಿಂತ ಗಾಡಿ ಕಳಕೊಳ್ಳಬಾರದು ಅಂತ ಇನ್ನೂ ಎರಡು ಓಡಿಸ್ತಾರೆ.”

“ಓಡಿಸಲಿ. ಕೇಳೋಣ, ಏನು ಹೇಳ್ತಾರೆ ಅಂತ.”

ಹೀಗೆಂದದ್ದು ನಾನೇನಾ? ಅವರು ಅಲ್ಲೇ ಸಹಿ ಹಾಕಿದರು.

ಏಪ್ರಿಲ್ 15, ಸಂಜೆ

ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಕ್ಕ. ನಿನ್ನೆ ಫ್ಯಾಕ್ಟರಿಯವರು ನಾಲ್ಕು ಗಾಡಿ ಓಡಿಸಿದರು. ಎರಡು ನಿಂತವು, ಅವು ಇವತ್ತು ಅವರ ಕೈಬಿಟ್ಟುಹೋದವು. ಒಂದು ನರ್ಸಮ್ಮನಿಗೆ.

ಈಗಷ್ಟೇ ಫ್ಯಾಕ್ಟರಿ ಗಾಡಿ ಬಂತು. ಅಕ್ಕನ ದನಿ: “ಈ ಮಾತಿಗೆ ಹಣ ಕೊಟ್ಟವರು ಬಾಟಲಿ ನೀರಿನ ಫ್ಯಾಕ್ಟರಿಯ ಮಾಲೀಕರು.” ಅಕ್ಕ ಒಳಗೆ ಹೋಗಲಿಲ್ಲ, ಕಾಲು ಚಾಚಿ ಕೂತೇ ಇದ್ದಳು. ಬೀದಿ ಸ್ತಬ್ಧವಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಎದುರುಮನೆ ಅಜ್ಜಿ, “ದನಿ ಎಷ್ಟು ಚೆನ್ನಾಗಿದೆ ನೋಡು” ಅಂದರು ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ ಅವರೇ: “ಅಲ್ವೇ, ನಮ್ಮ ಅಧ್ಯಕ್ಷರು ಯಾರಾದ್ರೆ ಬಾಟಲಿಯವರಿಗೇನಂತೆ? ಅಷ್ಟು ದುಡ್ಡು ಸುರೀತಾರೆ?”

ಜಿಗಿದು ಎದ್ದೆ. ಕೆರೆ, ಪೈಪು, ಮೀಟರು, ಎಲ್ಲ ನಾಲಿಗೆ ತುದಿಯಲ್ಲಿತ್ತು. ಅಜ್ಜಿ ಕೈ ಅಡ್ಡ ಹಿಡಿದರು.

“ನೀನು ಸುಮ್ಮನಿರೇ. ದಿನಾ ಕೇಳ್ತೀನಿ ನಿಂದು. ಅಗೋ, ನರ್ಸಮ್ಮ ಬರ್ತಿದಾಳೆ. ಅವಳನ್ನೇ ಕೇಳೋಣ.”

ಕೂತೆ. ಗಾಡಿ ತಿರುವಿನಲ್ಲಿ ನಿಂತಿದೆ. ಅಜ್ಜಿ ಚಪ್ಪಲಿ ಹುಡುಕುತ್ತಿದ್ದಾರೆ, ಆಚೆ ಮನೆಯವರೂ ಇಳಿದು ಬರುತ್ತಿದ್ದಾರೆ. ಮೈಕು ಒಮ್ಮೆ ಕಿರುಚಿತು. ಕೆಮ್ಮು. “ಈ ಗಾಡಿಗೆ ದುಡ್ಡು ಕೊಟ್ಟವರು ಆಸ್ಪತ್ರೆಯ ಕೆಲಸಗಾರರು. ಯಾಕೆ ಕೊಟ್ಟರು ಅಂತ ನೀವು ಕೇಳಬೇಕು —”

ಅಕ್ಕ ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ. ಬರೆದದ್ದು ಸಾಕು, ಬಾ, ಕೇಳು ಎಂದು